ಪುಸ್ತಕದ ಬೆನ್ನಿಗೆ ಆಧಾರ ಯಾವುದು?

ಬೈಂಡಿಂಗ್ ಕೆಲಸ ಬಲ್ಲವರು ಹೊಸ ಪುಸ್ತಕ ಕೈಗೆ ಬಂದರೆ ಅದನ್ನು ನಟ್ಟನಡುವೆ ತೆರೆದು ಮೇಜಿನ ಮೇಲೆ ಮಲಗಿಸಿ ಕೈ ತೆಗೆಯುತ್ತಾರೆ. ಪುಟಗಳು ತೆರೆದೇ ಇದ್ದರೆ ಸರಿ. ತಾವಾಗಿ ಮುಚ್ಚಿಕೊಂಡರೆ, ಇಲ್ಲವೇ ಬೆನ್ನಿನಲ್ಲಿ ಚಟ್ಟೆಂದು ಸದ್ದು ಬಂದರೆ, ಆ ಪುಸ್ತಕ ಎಷ್ಟು ಕಾಲ ಬಾಳೀತೆಂದು ಅವರಿಗೆ ತಿಳಿದುಹೋಗುತ್ತದೆ. ರಟ್ಟಿನ ಮೇಲಿನ ಬಟ್ಟೆ, ಚಿನ್ನದ ಅಕ್ಷರ, ಗುರುತಿನ ರಿಬ್ಬನ್ನು ಎಲ್ಲವೂ ಆಮೇಲಿನ ಮಾತು.

ಕೈಬೈಂಡಿಂಗ್ ಕೇಳಿಕೊಂಡು ಬರುವವರು ಈಗ ಬದಲಾಗಿದ್ದಾರೆ. ಹಿಂದೆ ಗ್ರಂಥಾಲಯಗಳು, ವಕೀಲರು, ಲೆಕ್ಕದ ಕಚೇರಿಗಳು ಬೈಂಡರುಗಳಿಗೆ ವರ್ಷವಿಡೀ ಕೆಲಸ ಕೊಡುತ್ತಿದ್ದವು. ಇಂದು ಚಿತ್ರಕಲೆ, ವಿನ್ಯಾಸ ಓದುವ ವಿದ್ಯಾರ್ಥಿಗೆ ತನ್ನ ಕೆಲಸ ತೋರಿಸಲು ಪೋರ್ಟ್‌ಫೋಲಿಯೊ ಬೇಕು. ಛಾಯಾಗ್ರಾಹಕರಿಗೆ ತಮ್ಮ ಹತ್ತು ವರ್ಷದ ಚಿತ್ರಗಳ ಒಂದೇ ಪ್ರತಿ ಬೇಕು. ಅಜ್ಜಿಯ ಪತ್ರಗಳನ್ನೋ ಮನೆತನದ ಅಡುಗೆಯ ಟಿಪ್ಪಣಿಗಳನ್ನೋ ಇಪ್ಪತ್ತೈದು ಪ್ರತಿ ಮಾಡಿಸಿ ನೆಂಟರಿಗೆ ಹಂಚಬೇಕೆನ್ನುವ ಮನೆಗಳೂ ಇವೆ. ಎಲ್ಲರಿಗೂ ಎದುರಾಗುವ ಪ್ರಶ್ನೆ ಒಂದೇ: ಇಷ್ಟೊಂದು ವಿಧಾನಗಳಲ್ಲಿ ಯಾವುದು ನಮಗೆ? ಕಣ್ಣಿಗೆ ಚೆಂದ ಕಂಡದ್ದನ್ನು ಆರಿಸಿಕೊಂಡರೆ ಬಹಳ ಸಲ ನಿರಾಸೆಯಾಗುತ್ತದೆ. ಹಾಳೆಗಳ ಭಾರವನ್ನು ಹೊರುತ್ತಿರುವುದು ಮಡಿಕೆಯೋ ದಾರವೋ ಅಂಟೋ ಎಂದು ಮೊದಲು ಕೇಳಬೇಕು. ನನ್ನ ಪಕ್ಷ ಯಾವುದೆಂದು ಈಗಲೇ ಹೇಳಿಬಿಡುತ್ತೇನೆ. ಭಾರ ದಾರದ ಮೇಲಿರಬೇಕು. ಅಂಟು ಅದಕ್ಕೆ ಒತ್ತಾಸೆಯಾಗಿರಬೇಕು.

ಮಡಿಕೆಯನ್ನೇ ನಂಬಿದ ಪುಸ್ತಕಕ್ಕೆ ನಮ್ಮ ನಾಡಿನಲ್ಲೇ ಒಳ್ಳೆಯ ಉದಾಹರಣೆಯಿದೆ. ಅದು ಹಳೆಯ ಕಾಲದ ಕಡತ. ಉದ್ದನೆಯ ಬಟ್ಟೆಯ ಪಟ್ಟಿಗೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಳಿಯುತ್ತಿದ್ದರು. ಒಣಗಿದರೆ ಬಟ್ಟೆಗೆ ಗಟ್ಟಿಯಾದ ಕಪ್ಪು ಮೈ ಬರುತ್ತಿತ್ತು. ಅದನ್ನು ಹಿಂದಕ್ಕೂ ಮುಂದಕ್ಕೂ ಮಡಿಸಿ, ಎರಡು ತುದಿಗೂ ಹಲಗೆ ಕೂರಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯುತ್ತಿದ್ದರು. ವ್ಯಾಪಾರಿಗಳ ಲೆಕ್ಕಕ್ಕೂ ಮಠಗಳ ದಾಖಲೆಗೂ ಇದೇ ಬಳಕೆಯಲ್ಲಿತ್ತು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರಗಳು. ಈ ಪುಸ್ತಕಕ್ಕೆ ಹೊಲಿಗೆಯಿಲ್ಲ, ಬೆನ್ನಿಲ್ಲ. ಬಟ್ಟೆಯಾದ್ದರಿಂದ ಮಡಿಕೆ ಬೇಗ ಸವೆಯುತ್ತಿರಲಿಲ್ಲ. ಓಲೆಗರಿಗೆ ಈ ಉಪಾಯ ಒಗ್ಗುವುದಿಲ್ಲ, ಮಡಿಸಿದರೆ ಗರಿ ಸೀಳುತ್ತದೆ. ಆದ್ದರಿಂದ ಅಲ್ಲಿ ಗರಿಗಳಿಗೆ ತೂತು ಕೊರೆದು ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆಯಿಟ್ಟು ಕಟ್ಟುವ ಕ್ರಮ ಬೆಳೆಯಿತು. 1905ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದ ಕೌಟಿಲ್ಯನ ಅರ್ಥಶಾಸ್ತ್ರ ಅಂಥ ಓಲೆಗರಿಯ ಪ್ರತಿಯೇ.

ಕಡತದ ಮಡಿಕೆಯನ್ನು ಇಂದಿನ ಪುಸ್ತಕ ಕಲಾವಿದರು ಕಾಗದದಲ್ಲಿ ಬಳಸುತ್ತಾರೆ. ಒಂದೇ ಉದ್ದ ಚಿತ್ರವನ್ನು, ಒಂದು ಬೀದಿಯ ಮನೆಗಳ ಸಾಲನ್ನು, ನದಿಯ ದಂಡೆಯನ್ನು ತೋರಿಸಲು ಇದಕ್ಕಿಂತ ಒಳ್ಳೆಯ ರಚನೆ ಬೇರೊಂದಿಲ್ಲ. ಪ್ರದರ್ಶನದಲ್ಲಿ ಪುಸ್ತಕವನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ನಿಲ್ಲಿಸಬಹುದು. ಅಮೆರಿಕದಲ್ಲಿ ನೆಲೆಸಿದ ಹೆಡಿ ಕೈಲ್ 1979ರಲ್ಲಿ ಈ ಮಡಿಕೆಯನ್ನೇ ಬೆನ್ನಾಗಿಸಿ, ಅದರ ಎರಡೂ ಪಕ್ಕಕ್ಕೆ ಪುಟ್ಟ ಬಾವುಟಗಳ ಹಾಗೆ ಹಾಳೆಗಳನ್ನು ಅಂಟಿಸಿದ ಪುಸ್ತಕ ಮಾಡಿದರು. ಆ ರಚನೆ ಆಮೇಲೆ ಜಗತ್ತಿನ ಕಲಾಶಾಲೆಗಳಲ್ಲೆಲ್ಲ ಪಾಠವಾಯಿತು. ಆದರೆ ಕಾಗದದ ಮಡಿಕೆ ದಿನನಿತ್ಯ ತೆರೆಯುವ ಪುಸ್ತಕಕ್ಕಲ್ಲ. ಕೆಲವು ನೂರು ಸಲ ತೆರೆದು ಮುಚ್ಚಿದರೆ ಏಣು ಬಿಳಿಚಿ ಸೀಳಲು ತೊಡಗುತ್ತದೆ. ಏಣಿನ ಒಳಬದಿಗೆ ತೆಳುವಾದ ಬಟ್ಟೆಪಟ್ಟಿ ಅಂಟಿಸಿದರೆ ಆಯುಸ್ಸು ಹೆಚ್ಚುತ್ತದೆ.

ದಾರದ ಕಥೆ ದೊಡ್ಡದು. ಹಾಳೆಗಳನ್ನು ನಡುವೆ ಮಡಿಸಿ ಒಂದರೊಳಗೊಂದು ಕೂರಿಸಿದ ಕಂತೆಗೆ ನಮ್ಮ ಅಚ್ಚುಮನೆಯವರು ಫಾರಂ ಎನ್ನುತ್ತಾರೆ. ಆ ಮಡಿಕೆಯ ಗೆರೆಯಲ್ಲಿ ಸೂಜಿ ತೂರಿಸಿ ಹೊಲಿಯುವುದೇ ಇದುವರೆಗೆ ಮನುಷ್ಯ ಕಂಡುಕೊಂಡ ಅತ್ಯುತ್ತಮ ಬೈಂಡಿಂಗ್ ಎಂದು ನಾನು ನಂಬುತ್ತೇನೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ಜಾಡಿಯೊಂದರಲ್ಲಿ ಸಿಕ್ಕ ನಾಲ್ಕನೆಯ ಶತಮಾನದ ಪಪೈರಸ್ ಪುಸ್ತಕಗಳು ಹೆಚ್ಚಾಗಿ ಒಂದೇ ದಪ್ಪ ಫಾರಮ್ಮಿನವು. ಅವುಗಳ ಚರ್ಮದ ಹೊದಿಕೆಗೆ ಬಿಗಿ ಬರಲೆಂದು ಒಳಗೆ ಹಳೆಯ ಪಪೈರಸ್ ಚೂರುಗಳನ್ನು ತುಂಬಿದ್ದರು. ಒಂದೇ ಫಾರಂ ತೀರ ದಪ್ಪವಾದರೆ ಒಳಗಿನ ಹಾಳೆಗಳು ಹೊರಗೆ ಚಾಚಿಕೊಳ್ಳುತ್ತವೆ, ಮುಂದಿನ ಅಂಚು ಕತ್ತರಿಸಿದಾಗ ನಡುವಿನ ಪುಟಗಳು ಗಿಡ್ಡವಾಗುತ್ತವೆ. ಆ ತೊಡಕನ್ನು ದಾಟಲು ಹಲವು ಸಣ್ಣ ಫಾರಮ್ಮುಗಳನ್ನು ಮಾಡಿ, ಪ್ರತಿಯೊಂದನ್ನೂ ಅದರ ಕೆಳಗಿನದರ ಹೊಲಿಗೆಗೆ ಕೊಂಡಿ ಹಾಕುತ್ತ ಹೋಗುವ ವಿಧಾನ ಬಂತು. ಬೆನ್ನಿನ ಮೇಲೆ ಸರಪಳಿಯಂತೆ ಕಾಣುವ ಈ ಹೊಲಿಗೆಗೆ ಈಜಿಪ್ಟಿನ ಕ್ರೈಸ್ತರ ಹೆಸರಿನಿಂದ ಕಾಪ್ಟಿಕ್ ಹೊಲಿಗೆ ಎನ್ನುತ್ತಾರೆ.

ಈ ಹೊಲಿಗೆ ಎಷ್ಟು ಬಾಳುತ್ತದೆ ಎಂಬುದಕ್ಕೆ ಬ್ರಿಟಿಷ್ ಲೈಬ್ರರಿಯಲ್ಲಿರುವ ಸೇಂಟ್ ಕತ್‌ಬರ್ಟ್ ಗಾಸ್ಪೆಲ್ ಸಾಕ್ಷಿ. ಎಂಟನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಉತ್ತರದಲ್ಲಿ ತಯಾರಾದ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕ. ಸಂತನ ಶವಪೆಟ್ಟಿಗೆಯಲ್ಲಿದ್ದ ಅದು 1104ರಲ್ಲಿ ಹೊರಬಂತು. ಮೂಲ ಹೊಲಿಗೆ, ಮೂಲ ಹಲಗೆ, ಮೂಲ ಚರ್ಮ ಇಂದಿಗೂ ಹಾಗೆಯೇ ಇವೆ. 2012ರಲ್ಲಿ ಆ ಗ್ರಂಥಾಲಯ ಅದನ್ನು 90 ಲಕ್ಷ ಪೌಂಡಿಗೆ ಕೊಂಡುಕೊಂಡಿತು. ಈಜಿಪ್ಟಿನ ಕೈಚಳಕ ಅಷ್ಟು ದೂರದ ಮಠವನ್ನು ತಲುಪಿತ್ತು ಎನ್ನುವುದೇ ನನಗೆ ಇಂದಿಗೂ ಬೆರಗು. ಇಥಿಯೋಪಿಯದಲ್ಲಂತೂ ಈ ಕುಲದ ಹೊಲಿಗೆ ನಿಂತೇ ಇಲ್ಲ; ಮರದ ಹಲಗೆಗೆ ನೇರವಾಗಿ ಹೊಲಿದ ಚರ್ಮಪತ್ರದ ಗ್ರಂಥಗಳನ್ನು ಅಲ್ಲಿನ ಚರ್ಚುಗಳಲ್ಲಿ ಇವತ್ತಿಗೂ ಓದುತ್ತಾರೆ.

ಕಲಿಯುವವರಿಗೂ ಇದೇ ಮೊದಲ ಪಾಠವಾಗಬೇಕು. ನಾಲ್ಕು ಹಾಳೆ ಮಡಿಸಿದರೆ ಹದಿನಾರು ಪುಟದ ಒಂದು ಫಾರಂ. ಎಲ್ಲ ಫಾರಮ್ಮುಗಳಿಗೂ ಒಂದೇ ಅಳತೆಪಟ್ಟಿ ಇಟ್ಟುಕೊಂಡು ದಬ್ಬಣದಲ್ಲಿ ತೂತು ಚುಚ್ಚಬೇಕು, ಇಲ್ಲದಿದ್ದರೆ ಬೆನ್ನು ಸೊಟ್ಟಗಾಗುತ್ತದೆ. ದಾರಕ್ಕೆ ಜೇನುಮೇಣ ಉಜ್ಜಿಕೊಳ್ಳಬೇಕು. ನಾರುಬಟ್ಟೆಯ ದಾರ ಸಿಕ್ಕರೆ ಉತ್ತಮ, ಸಿಗದಿದ್ದರೆ ಗಟ್ಟಿ ಹತ್ತಿಯ ದಾರ ನಡೆಯುತ್ತದೆ. ಪುಸ್ತಕದ ಎತ್ತರವನ್ನು ಫಾರಮ್ಮುಗಳ ಸಂಖ್ಯೆಯಿಂದ ಗುಣಿಸಿ, ಮೇಲೆ ಒಂದೆರಡು ಎತ್ತರ ಸೇರಿಸಿದರೆ ಸಾಕಾಗುವಷ್ಟು ದಾರ. ಎಳೆಯುವಾಗ ಯಾವಾಗಲೂ ಬೆನ್ನಿಗೆ ಸಮಾಂತರವಾಗಿ ಎಳೆಯಬೇಕು, ನೇರ ಹೊರಕ್ಕೆ ಎಳೆದರೆ ಕಾಗದ ಹರಿಯುತ್ತದೆ. ಹೀಗೆ ಹೊಲಿದ ಪುಸ್ತಕ ಪೂರ್ತಿ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ರೇಖಾಚಿತ್ರ ಬರೆಯುವವರಿಗೆ, ಎರಡು ಪುಟಕ್ಕೆ ಹರಡಿದ ಚಿತ್ರಗಳಿಗೆ ಇದನ್ನು ಬಿಟ್ಟರೆ ಬೇರೆ ಹುಡುಕಬೇಕಾಗಿಲ್ಲ. ಬೆನ್ನು ಬರಿದಾಗಿರುವುದರಿಂದ ಕಪಾಟಿನಲ್ಲಿ ಹೆಸರು ಕಾಣುವುದಿಲ್ಲ, ಧೂಳು ಸೇರುತ್ತದೆ. ಇಷ್ಟೇ ಅದರ ಕೊರತೆ.

ಹೊದಿಕೆಯ ಬೆನ್ನನ್ನೇ ತೂರಿ ಹೊಲಿದು, ಉದ್ದುದ್ದ ಎಳೆಗಳು ಹೊರಗೆ ಕಾಣುವಂತೆ ಬಿಡುವ ಇನ್ನೊಂದು ವಿಧಾನವಿದೆ. ಮಧ್ಯಯುಗದ ಯುರೋಪಿನ ಕಚೇರಿಗಳು ಲೆಕ್ಕದ ಪುಸ್ತಕಗಳಿಗೆ ಇದನ್ನೇ ಬಳಸಿದವು. ಗುಜರಾತ್, ರಾಜಸ್ಥಾನದ ವರ್ತಕರ ಕೆಂಪು ಬಟ್ಟೆಯ ಬಹಿಖಾತೆಯ ಮೇಲೆ ಬಿಳಿ ದಾರದ ಗೆರೆಗಳು ಓಡುವುದನ್ನು ಕಂಡವರಿಗೆ ಅದರ ಚೆಲುವು ಗೊತ್ತು. 2019ರ ಜುಲೈ 5ರಂದು ಕೇಂದ್ರ ಬಜೆಟ್ಟಿನ ಕಾಗದಗಳು ಚರ್ಮದ ಪೆಟ್ಟಿಗೆ ಬಿಟ್ಟು ಕೆಂಪು ಬಟ್ಟೆಯಲ್ಲಿ ಬಂದಾಗ ದೇಶಕ್ಕೆ ಮತ್ತೆ ನೆನಪಾದದ್ದು ಈ ಖಾತೆಯೇ. ಅಂಟೇ ಬೇಡದ, ಬಗ್ಗಿಸಿದರೆ ಬಾಗುವ, ಜೋಳಿಗೆಯಲ್ಲಿ ಹಾಕಿಕೊಂಡು ತಿರುಗಬಹುದಾದ ದಿನಚರಿ ಪುಸ್ತಕಕ್ಕೆ ಇದು ಹೇಳಿ ಮಾಡಿಸಿದ್ದು.

ಪಕ್ಕದಿಂದ ಚುಚ್ಚುವ ಹೊಲಿಗೆಯ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಚೀನಾ, ಜಪಾನಿನ ಹಳೆಯ ಪುಸ್ತಕಗಳಲ್ಲಿ ಹಾಳೆ ತೆಳು, ಒಂದೇ ಬದಿಗೆ ಅಚ್ಚು. ಅಚ್ಚಾದ ಬದಿ ಹೊರಗಿರುವಂತೆ ಮಡಿಸಿ, ಮಡಿಕೆಯನ್ನು ಮುಂದಿನ ಅಂಚಿಗೆ ಬಿಟ್ಟು, ಬಿಡಿ ಅಂಚುಗಳನ್ನು ಬೆನ್ನಿಗೆ ಸೇರಿಸಿ ನಾಲ್ಕು ತೂತಿನಲ್ಲಿ ಹೊಲಿಯುತ್ತಿದ್ದರು. ಮೂಲೆ ಬಲವಾಗಲು ಕಾಂಗ್‌ಷಿ ಚಕ್ರವರ್ತಿಯ ಹೆಸರಿನ ವಿಧಾನದಲ್ಲಿ ಇನ್ನೆರಡು ತೂತು. ಜಪಾನಿನಲ್ಲಿ ಸೆಣಬಿನೆಲೆ, ಆಮೆಚಿಪ್ಪಿನ ವಿನ್ಯಾಸಗಳು. ಇಲ್ಲೊಂದು ಸೂಕ್ಷ್ಮವಿದೆ. ಹೊರಗಿನ ಅಲಂಕಾರದ ದಾರಕ್ಕೆ ಮೊದಲೇ, ಹೊಸೆದ ಕಾಗದದ ಬತ್ತಿಯಿಂದ ಒಳಗಿನ ಹಾಳೆಗಳನ್ನು ಕಟ್ಟಿರುತ್ತಾರೆ. ಹೊರಗಿನ ದಾರ ಹರಿದರೂ ಪುಸ್ತಕ ಚದುರುವುದಿಲ್ಲ. ಹೊಸ ದಾರ ಹಾಕಿಕೊಂಡರಾಯಿತು. ಮೆತ್ತನೆಯ ಕಾಗದವಾದ್ದರಿಂದ ಪುಟಗಳು ಸಲೀಸಾಗಿ ಬಾಗುತ್ತವೆ. ಅದೇ ಹೊಲಿಗೆಯನ್ನು ದಪ್ಪ ಕಾಗದಕ್ಕೆ ಹಾಕಿದರೆ ಪುಸ್ತಕ ತೆರೆಯುವುದೇ ಇಲ್ಲ. ನಮ್ಮ ವಿಶ್ವವಿದ್ಯಾಲಯಗಳಿಗೆ ಒಪ್ಪಿಸುವ ಪ್ರಬಂಧಗಳ ಗತಿ ಬಹುಪಾಲು ಇದೇ: ಮುನ್ನೂರು ಪುಟದ ಬಿಡಿ ಹಾಳೆಗಳನ್ನು ಪಕ್ಕದಿಂದ ಚುಚ್ಚಿ ರೆಕ್ಸಿನ್ ಹೊದಿಸಿ ಚಿನ್ನದ ಅಕ್ಷರ ಒತ್ತಿರುತ್ತಾರೆ, ಒಳಗಿನ ಸಾಲುಗಳ ತುದಿ ಬೆನ್ನಿನಲ್ಲಿ ಹೂತುಹೋಗಿರುತ್ತದೆ. ವರ್ಷಗಟ್ಟಲೆ ದುಡಿದು ಬರೆದದ್ದನ್ನು ಓದಲು ಎರಡೂ ಕೈಯಿಂದ ಅದುಮಿ ಹಿಡಿಯಬೇಕು. ಪ್ರಬಂಧ ಬರೆದವರು ಎಡಗಡೆ ಕನಿಷ್ಠ 40 ಮಿಲಿಮೀಟರ್ ಜಾಗ ಬಿಟ್ಟು ಮುದ್ರಿಸಿಕೊಂಡರೆ ಓದುವವರಿಗೆ ಉಪಕಾರವಾಗುತ್ತದೆ.

ಕಪಾಟಿನಲ್ಲಿ ನಿಲ್ಲಬೇಕಾದ ಗಟ್ಟಿ ರಟ್ಟಿನ ಪುಸ್ತಕದಲ್ಲಿ ದಾರ, ಅಂಟು ಎರಡಕ್ಕೂ ಪಾಲಿದೆ. ಫಾರಮ್ಮುಗಳನ್ನು ಬಟ್ಟೆಯ ಪಟ್ಟಿಗಳ ಮೇಲೆ ಹೊಲಿದು, ಬೆನ್ನಿಗೆ ತೆಳುವಾಗಿ ಅಂಟು ಸವರಿ, ಜಾಳಿಬಟ್ಟೆ ಹಚ್ಚಿ, ಬೇರೆಯಾಗಿ ತಯಾರಿಸಿದ ರಟ್ಟಿನ ಹೊದಿಕೆಗೆ ಕೂರಿಸುವುದು ಕ್ರಮ. ಹೀಗೆ ಹೊದಿಕೆಯನ್ನು ಬೇರೆ ಮಾಡಿ ಜೋಡಿಸುವುದು ಇಂಗ್ಲೆಂಡಿನಲ್ಲಿ 1820ರ ದಶಕದ ಈಚೆಗೆ ಬೆಳೆದದ್ದು. ಅದಕ್ಕೆ ಮೊದಲು ಹೊಲಿಗೆಯ ಹುರಿಗಳನ್ನೇ ರಟ್ಟಿನ ತೂತುಗಳಲ್ಲಿ ತೂರಿಸಿ ಬಿಗಿಯುತ್ತಿದ್ದರು. ಆಗ ರಟ್ಟು ಪುಸ್ತಕದ ಅಂಗವೇ ಆಗಿಬಿಡುತ್ತಿತ್ತು. ಹೊಸ ಕ್ರಮ ಅಗ್ಗ, ಬೇಗ. ಆದರೆ ರಟ್ಟನ್ನು ಹಿಡಿದಿರುವುದು ಜಾಳಿಬಟ್ಟೆ ಮತ್ತು ಮೊದಲ ಹಾಳೆಯ ಅಂಟು ಮಾತ್ರ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಸಾವಿರದ ಏಳುನೂರಕ್ಕೂ ಹೆಚ್ಚು ಪುಟದ್ದು. ಅಷ್ಟು ಭಾರದ ಪುಸ್ತಕ ನಿಂತಾಗ ಪುಟಗಳ ಕಟ್ಟು ಕೆಳಕ್ಕೆ ಜಗ್ಗುತ್ತದೆ, ಕೀಲು ಬಿರಿಯುತ್ತದೆ. ಆ ಗಾತ್ರದವನ್ನು ಮಲಗಿಸಿಡುವುದು ಲೇಸು.

ಅಂಟಿನ ಪುಸ್ತಕಕ್ಕೂ ಹೊಲಿಗೆಯ ಪುಸ್ತಕಕ್ಕೂ ನಿಜವಾದ ಪರೀಕ್ಷೆ ನಡೆದದ್ದು ಇಟಲಿಯಲ್ಲಿ. 1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ ಫ್ಲಾರೆನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ನುಗ್ಗಿತು. ಕೆಸರು, ಎಣ್ಣೆ ಮೆತ್ತಿದ ಲಕ್ಷಾಂತರ ಪುಸ್ತಕಗಳನ್ನು ಉಳಿಸಲು ಹಲವು ದೇಶಗಳ ಬೈಂಡರುಗಳು ಬಂದರು; ಬ್ರಿಟಿಷ್ ತಂಡದ ಮುಂದಾಳು ಪೀಟರ್ ವಾಟರ್ಸ್. ಅವರೊಂದಿಗೆ ದುಡಿದ ಕ್ರಿಸ್ಟೊಫರ್ ಕ್ಲಾರ್ಕ್‌ಸನ್ ಒಂದು ಸಂಗತಿ ಗಮನಿಸಿದರು. ದಪ್ಪ ರಟ್ಟು, ಬಲವಾದ ಅಂಟು ಇದ್ದ ಪುಸ್ತಕಗಳು ಉಬ್ಬಿ ಬಿರಿದಿದ್ದವು. ಹದಿನಾರನೆಯ ಶತಮಾನದ ಆಸುಪಾಸಿನ, ರಟ್ಟೇ ಇಲ್ಲದೆ ಚರ್ಮಪತ್ರವನ್ನು ಸಡಿಲವಾಗಿ ಹೊದಿಸಿ ಚರ್ಮದ ಬಾರುಗಳಿಂದ ಕಟ್ಟಿದ್ದ ಸಾದಾ ಪುಸ್ತಕಗಳು ಎಷ್ಟೋ ಕಡಿಮೆ ಪೆಟ್ಟು ತಿಂದಿದ್ದವು. ಬಾರು ಬಿಚ್ಚಿದರೆ ಹೊದಿಕೆ ಕಳಚಿ ಬರುತ್ತಿತ್ತು, ಹಾಳೆ ತೊಳೆದು ಒಣಗಿಸಿ ಮತ್ತೆ ಕಟ್ಟಬಹುದಿತ್ತು. ಆ ಕಾಲದಲ್ಲಿ ಅಗ್ಗವೆಂದು ಮಾಡಿದ್ದ ಬೈಂಡಿಂಗು ಅದು. ಕ್ಲಾರ್ಕ್‌ಸನ್ ಅದನ್ನು ಅಭ್ಯಾಸ ಮಾಡಿ ಬರೆದರು, ಗ್ರಂಥ ಸಂರಕ್ಷಣೆಯ ದಿಕ್ಕೇ ಬದಲಾಯಿತು. ಬಿಚ್ಚಲು ಬರುವಂತೆ ಕಟ್ಟಬೇಕೆಂಬ ನಿಯಮಕ್ಕೆ ಅಂದಿನಿಂದ ಗೌರವ ಬಂತು. ಅಮೆರಿಕದ ಕೀತ್ ಸ್ಮಿತ್ ಮುಂದೆ ಅಂಟಿಲ್ಲದ ಬೈಂಡಿಂಗುಗಳ ಮೇಲೆಯೇ ಸಂಪುಟಗಳನ್ನು ಬರೆದರು. ಬೆಲ್ಜಿಯಂನ ಆನ್ ಗೋಯ್ 1980ರ ದಶಕದಲ್ಲಿ ರಟ್ಟುಗಳನ್ನೂ ಬೆನ್ನಿನ ಪಟ್ಟಿಯನ್ನೂ ಅಡ್ಡ ಹೆಣೆದ ದಾರದಿಂದಲೇ ಜೋಡಿಸುವ ಹೊಸ ರಚನೆ ಕಂಡುಕೊಂಡರು. ಜಪಾನಿ ಹೊಲಿಗೆಯ ನೋಟವೂ ಬೇಕು, ಪುಸ್ತಕ ತೆರೆಯಲೂ ಬೇಕು ಎನ್ನುವವರಿಗೆ ಅದು ಒಳ್ಳೆಯ ದಾರಿ.

ಇದರಿಂದ ಅಂಟು ಕೆಟ್ಟದ್ದೆಂದು ತಿಳಿಯಬಾರದು. ಯಾವ ಅಂಟು, ಎಲ್ಲಿ ಎಂಬುದು ಮುಖ್ಯ. ಮೈದಾ ಗಂಜಿಯ ಅಂಟು ನೀರು ತಾಗಿಸಿದರೆ ಬಿಡುತ್ತದೆ, ಆದ್ದರಿಂದ ರಿಪೇರಿಗೆ ದಾರಿ ಉಳಿಯುತ್ತದೆ. ನಮ್ಮಲ್ಲಿ ಹುಳು ಬರಬಾರದೆಂದು ಅದಕ್ಕೆ ಮೈಲುತುತ್ತ ಹಾಕುವ ರೂಢಿಯಿದೆ. ಹುಳುವಿಗೆ ಅದು ವಿಷ, ನಿಜ. ಆದರೆ ತಾಮ್ರದ ಅಂಶ ಕಾಗದದ ನಾರನ್ನು ನಿಧಾನವಾಗಿ ತಿನ್ನುತ್ತದೆ. ಬೇಕಾದಷ್ಟೇ ಬೇಯಿಸಿ ಒಂದೆರಡು ದಿನದಲ್ಲಿ ಮುಗಿಸುವುದು ಮೇಲು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಗಂಜಿ ಅಂಟಿಗೆ ಬೂಸು ಹಿಡಿಯುತ್ತದೆ, ಅಲ್ಲಿ ಮಿಥೈಲ್ ಸೆಲ್ಯುಲೋಸ್ ಬೆರೆಸಿಕೊಳ್ಳಬಹುದು. ಬಿಳಿ ಪಿವಿಎ ಅಂಟು ಬೇಗ ಒಣಗುತ್ತದೆ, ಬಾಗುತ್ತದೆ, ಬೆನ್ನಿಗೆ ಒಳ್ಳೆಯದು; ಒಮ್ಮೆ ಹಿಡಿದರೆ ಬಿಡಿಸಲಾಗುವುದಿಲ್ಲ. ಮರಗೆಲಸದ ಅಂಟು ಒಣಗಿದಾಗ ಬಿರುಸಾಗುವುದರಿಂದ ಪುಸ್ತಕಕ್ಕೆಂದೇ ಮಾಡಿದ, ಆಮ್ಲವಿಲ್ಲದ ಪಿವಿಎ ಕೇಳಿ ತರಬೇಕು.

ಕಾಗದದ ನಾರಿನ ದಿಕ್ಕನ್ನು ನೋಡದೆ ಮಾಡಿದ ಪುಸ್ತಕವನ್ನು ಯಾವ ಕೈಚಳಕವೂ ಉಳಿಸಲಾರದು. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಒದ್ದೆಯಾದಾಗ ಹಾಳೆ ಆ ದಿಕ್ಕಿಗೆ ಅಡ್ಡವಾಗಿ ಹಿಗ್ಗುತ್ತದೆ. ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ ನೋಡಿ. ಸುಲಭವಾಗಿ ಬಾಗಿದ ಮಡಿಕೆಗೆ ಸಮಾಂತರವಾಗಿ ನಾರು ಇದೆ. ಆ ದಿಕ್ಕು ಬೆನ್ನಿಗೆ ಸಮಾಂತರವಾಗಿರಬೇಕು. ರಟ್ಟು, ಹೊದಿಕೆ ಕಾಗದ, ಒಳಹಾಳೆ ಎಲ್ಲಕ್ಕೂ ಇದೇ ನಿಯಮ. ಅಂಗಡಿಯ ಎ4 ಕಾಗದದಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕಿರುತ್ತದೆ. ಅದನ್ನು ನಡುವೆ ಮಡಿಸಿ ನೋಟುಪುಸ್ತಕ ಮಾಡಿದರೆ ನಾರು ಬೆನ್ನಿಗೆ ಅಡ್ಡ ಬಂದು ಪುಟಗಳು ಸೆಟೆದು ನಿಲ್ಲುತ್ತವೆ. ಉದ್ದಕ್ಕೆ ನಾರಿರುವ ಎ3 ತಂದು ಎರಡಾಗಿ ಕತ್ತರಿಸಿಕೊಂಡರೆ ತೊಂದರೆ ನೀಗುತ್ತದೆ. ಸೊಟ್ಟಗಾಗುವ ರಟ್ಟಿನ ಕಾರಣವೂ ಇಲ್ಲೇ ಇದೆ: ಹೊರಗೆ ಅಂಟಿಸಿದ ಬಟ್ಟೆ ಒಣಗುತ್ತ ಎಳೆಯುತ್ತದೆ, ಒಳಗೆ ಅಂಟಿಸಿದ ಹಾಳೆ ಅಷ್ಟೇ ಬಲವಾಗಿ ಎಳೆದರೆ ಮಾತ್ರ ರಟ್ಟು ನೆಟ್ಟಗಿರುತ್ತದೆ. ಅವಸರ ಮಾಡದೆ ಒಂದು ರಾತ್ರಿ ಭಾರದ ಕೆಳಗೆ ಇಡಬೇಕು.

ಹೊದಿಕೆಗೆ ಚರ್ಮವೇ ಬೇಕೆನ್ನುವವರಿದ್ದಾರೆ. ವಕೀಲರ ಕಚೇರಿಯ ಹಳೆಯ ಕಾನೂನು ಪುಸ್ತಕ ಮುಟ್ಟಿದರೆ ಕೈಗೆ ಕೆಂಪು ಪುಡಿ ಹತ್ತುವುದನ್ನು ಕಂಡಿರಬಹುದು. ಹದ ಮಾಡಿದ ರೀತಿ, ಗಾಳಿಯಲ್ಲಿನ ಗಂಧಕದ ಅನಿಲ ಸೇರಿ ಚರ್ಮವನ್ನು ಹಾಗೆ ಕೊಳೆಸುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಪಿಡುಗು ಎಷ್ಟಿತ್ತೆಂದರೆ ಲಂಡನ್ನಿನಲ್ಲಿ ಸಮಿತಿಯೇ ಕೂತು 1901ರಲ್ಲಿ ವರದಿ ಕೊಟ್ಟಿತು. ಬಟ್ಟೆ ನಮಗೆ ಹೆಚ್ಚು ಒಗ್ಗುತ್ತದೆ. ಗುಳೇದಗುಡ್ಡದ ಖಣ, ಖಾದಿ, ಕೈಮಗ್ಗದ ದಪ್ಪ ಹತ್ತಿ ಯಾವುದಾದರೂ ಸರಿ, ಹಿಂಬದಿಗೆ ಮೊದಲು ತೆಳು ಕಾಗದವನ್ನು ಗಂಜಿ ಅಂಟಿನಿಂದ ಹಚ್ಚಿ ಒಣಗಿಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಅಂಟು ನೇಯ್ಗೆಯ ನಡುವಿನಿಂದ ಮೇಲೆ ಜಿನುಗಿ ಕಲೆಯಾಗುತ್ತದೆ.

ಪೋರ್ಟ್‌ಫೋಲಿಯೊದ ಮಾತು ಬೇರೆ. ಅದರ ಪುಟಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಹೊಲಿಗೆ ಅಲ್ಲಿ ಸಲ್ಲದು. ತಿರುಪು ಕಂಬಗಳಿಂದ ಕಟ್ಟಿ, ಬೇಕಾದಾಗ ಬಿಚ್ಚಿ ಹಾಳೆ ಬದಲಿಸುವ ರಚನೆ ಸರಿ. ರಟ್ಟನ್ನು ಎರಡು ತುಂಡು ಮಾಡಿ ನಡುವೆ 7 ಅಥವಾ 8 ಮಿಲಿಮೀಟರ್ ಬಿಟ್ಟು ಬಟ್ಟೆಯ ಕೀಲು ಕೊಡದಿದ್ದರೆ ಮುಚ್ಚಳ ತಿರುಗುವುದಿಲ್ಲ. ಪ್ರತಿ ಹಾಳೆಗೂ ಬಾಗುವ ಗೆರೆ ಬೇಕು. ಚಿತ್ರ ಅಂಟಿಸಿದ ಪುಟಗಳಾದರೆ ಅವುಗಳ ದಪ್ಪಕ್ಕೆ ಸರಿಯಾಗಿ ಬೆನ್ನಿನಲ್ಲೂ ಪಟ್ಟಿಗಳನ್ನು ಸೇರಿಸಬೇಕು, ಇಲ್ಲದಿದ್ದರೆ ಆಲ್ಬಂ ಬಾಯಿ ತೆರೆದುಕೊಂಡೇ ಇರುತ್ತದೆ. ಛಾಯಾಚಿತ್ರಗಳನ್ನು ಪಿವಿಸಿ ಚೀಲಗಳಲ್ಲಿ ಇಡಲೇಬಾರದು. ಆ ಪ್ಲಾಸ್ಟಿಕ್ಕಿನಿಂದ ಹೊರಡುವ ಅನಿಲ ಚಿತ್ರವನ್ನು ಕೆಡಿಸುತ್ತದೆ. ಮದುವೆಯ ಕರಿಜ್ಮಾ ಆಲ್ಬಮ್ಮುಗಳು ಚಪ್ಪಟೆಯಾಗಿ ತೆರೆಯುತ್ತವೆ, ಆದರೆ ಪುಟ ಪುಟಕ್ಕೂ ಬೆನ್ನಿಗೆ ಬೆನ್ನು ಅಂಟಿಸಿದ ರಚನೆಯಲ್ಲಿ ಒಂದು ಪುಟ ಕೆಟ್ಟರೆ ಅದನ್ನಷ್ಟೇ ತೆಗೆಯಲಾಗದು. ಮೂಲ ಚಿತ್ರಗಳು, ಕೈಯಚ್ಚಿನ ಪ್ರತಿಗಳಾದರೆ ಬೈಂಡಿಂಗನ್ನೇ ಕೈಬಿಟ್ಟು ಪೆಟ್ಟಿಗೆ ಮಾಡಿಸಬೇಕೆನ್ನುತ್ತೇನೆ. ಎರಡು ತಟ್ಟೆಗಳು ಒಂದರೊಳಗೊಂದು ಕೂರುವ ಬಟ್ಟೆ ಹೊದಿಸಿದ ಪೆಟ್ಟಿಗೆಯಲ್ಲಿ ಹಾಳೆಗಳು ಬಿಡಿಯಾಗಿ ಸುಖವಾಗಿರುತ್ತವೆ. ನಾವಿಕ ಕ್ಯಾಪ್ಟನ್ ಕುಕ್ಕನ ಹಡಗಿನಲ್ಲಿ ಲೋಕ ಸುತ್ತಿ ಬಂದ, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ದುಡಿದ ಸಸ್ಯವಿಜ್ಞಾನಿ ಡೇನಿಯಲ್ ಸೋಲಾಂಡರ್ ಹೆಸರಿನಲ್ಲಿ ಇಂಥ ಪೆಟ್ಟಿಗೆಗಳು ಇಂದಿಗೂ ಬಳಕೆಯಲ್ಲಿವೆ.

ಕೈಬೈಂಡಿಂಗ್ ಒಂದೆರಡು ಪ್ರತಿಗಷ್ಟೇ ಎನ್ನುವವರಿಗೆ ಚೆನ್ನೈನ ತಾರಾ ಬುಕ್ಸ್ ಉತ್ತರ ಕೊಟ್ಟಿದೆ. 1994ರಲ್ಲಿ ಶುರುವಾದ ಆ ಪ್ರಕಾಶನ ಗೊಂಡ ಕಲಾವಿದರ ಮರಗಳ ಪುಸ್ತಕವನ್ನು 2006ರಿಂದ ಕೈಯಿಂದ ಮಾಡಿದ ಕಾಗದದ ಮೇಲೆ ಕೈಯಲ್ಲೇ ಮುದ್ರಿಸಿ, ಕೈಯಲ್ಲೇ ಹೊಲಿದು ಜಗತ್ತಿಗೆಲ್ಲ ಮಾರುತ್ತಿದೆ. ಕನ್ನಡದ ಪ್ರಕಾಶಕರು ಒಂದು ಕವನ ಸಂಕಲನದ ನೂರು ಪ್ರತಿಗಾದರೂ ಇದನ್ನು ಪ್ರಯತ್ನಿಸಬೇಕೆಂಬುದು ನನ್ನ ಆಸೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕಾಗದ, ರಟ್ಟು ಎರಡೂ ದೊರೆಯುತ್ತವೆ, ಹೊಲಿಯಬಲ್ಲ ಹಿರಿಯ ಕೈಗಳು ರಾಜ್ಯದ ಊರೂರಿನಲ್ಲಿ ಇನ್ನೂ ಇವೆ. ಡಿಜಿಟಲ್ ಅಂಗಡಿಗೆ ಫೈಲು ಕಳಿಸುವ ಮೊದಲೇ ಅಂಥ ಬೈಂಡರನ್ನು ಕಂಡು ಮಾತಾಡಬೇಕು. ಪುಟಗಳನ್ನು ಬಿಡಿಯಾಗಿ ಮುದ್ರಿಸಿ ತಂದರೆ ಅವರಿಗೆ ಹೊಲಿಯಲು ಮಡಿಕೆಯೇ ಇರುವುದಿಲ್ಲ, ಆಗ ಅಂಟೊಂದೇ ಗತಿ. ಹದಿನಾರು ಪುಟಗಳ ಫಾರಮ್ಮಿನ ಲೆಕ್ಕದಲ್ಲಿ ಜೋಡಿಸಿ, ದೊಡ್ಡ ಹಾಳೆಯ ಮೇಲೆ ಎರಡೂ ಬದಿಗೆ ಮುದ್ರಿಸಿ ಕೊಟ್ಟರೆ ಅದೇ ಹಣಕ್ಕೆ ಹೊಲಿದ ಫಾರಮ್ಮುಗಳ ಪುಸ್ತಕ ಕೈಗೆ ಬರುತ್ತದೆ.